ಜೇಕಿನ ಹಾಳೆಯ ಮೇಲೆ ಒಂದು ನಾಡಿನ ಬದುಕು: ಈಜಿಪ್ಟಿನ ಪಪೈರಸ್ ಓದುವುದು ಹೇಗೆ?

ಗೀಜಾದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ 2025ರ ನವೆಂಬರಿನಲ್ಲಿ ಪೂರ್ತಿಯಾಗಿ ತೆರೆದ ಮೇಲೆ ಈಜಿಪ್ಟ್ ಪ್ರವಾಸದ ಮಾತು ಮತ್ತೆ ಕೇಳಿಬರುತ್ತಿದೆ. ಅಲ್ಲಿಗೆ ಹೋಗಿಬಂದವರ ಮನೆಯಲ್ಲಿ ಸಾಮಾನ್ಯವಾಗಿ ಒಂದು ಚಿತ್ರ ಕಾಣಸಿಗುತ್ತದೆ. ಹಳದಿ ಬಣ್ಣದ ಒರಟು ಹಾಳೆ, ಅದರ ಮೇಲೆ ದೊಡ್ಡ ತಕ್ಕಡಿ, ಪಕ್ಕದಲ್ಲಿ ನರಿಮುಖದ ದೇವರು, ಎದುರಿಗೆ ಬಾಯಿ ತೆರೆದು ಕೂತ ವಿಚಿತ್ರ ಪ್ರಾಣಿ. 'ಇದು ಪಪೈರಸ್' ಎಂದು ಅಂಗಡಿಯವರು ಹೇಳಿ ಕೊಟ್ಟಿರುತ್ತಾರೆ. ಪಪೈರಸ್ ಅಂದರೇನು, ಆ ತಕ್ಕಡಿಯಲ್ಲಿ ತೂಗುತ್ತಿರುವುದೇನು, ಮೂರು ನಾಲ್ಕು ಸಾವಿರ ವರ್ಷ ಹಳೆಯ ಹಾಳೆಗಳಿಂದ ನಮಗೆ ನಿಜಕ್ಕೂ ಏನು ತಿಳಿಯುತ್ತದೆ ಎಂಬುದನ್ನು ಇಲ್ಲಿ ಬುಡದಿಂದ ನೋಡೋಣ.

## ಗಿಡ, ಹಾಳೆ, ದಾಖಲೆ: ಮೂರಕ್ಕೂ ಒಂದೇ ಹೆಸರು

ಪಪೈರಸ್ ಮೊದಲಿಗೆ ಒಂದು ಗಿಡದ ಹೆಸರು. ನಮ್ಮ ಗದ್ದೆಯ ಬದುಗಳಲ್ಲಿ ಕಳೆಯಾಗಿ ಕಾಡುವ ಜೇಕು, ಔಷಧಿಗೆ ಬಳಸುವ ಕೊನ್ನಾರಿ ಗಡ್ಡೆ ಇವೆಯಲ್ಲ, ಅದೇ ಕುಲದ ಗಿಡ ಇದು. ಜೇಕಿನ ಕಾಂಡವನ್ನು ಬೆರಳಲ್ಲಿ ಉರುಳಿಸಿದರೆ ಮೂರು ಏಣು ತಗಲುತ್ತವೆ. ಪಪೈರಸ್ಸಿನ ಕಾಂಡವೂ ಹಾಗೆಯೇ, ಆದರೆ ನಾಲ್ಕೈದು ಮೀಟರ್ ಎತ್ತರ ಬೆಳೆಯುತ್ತದೆ, ಬುಡದಲ್ಲಿ ಮುಂಗೈಯಷ್ಟು ದಪ್ಪವಿರುತ್ತದೆ. ನೈಲ್ ನದಿಯ ಜೌಗು ನೆಲದಲ್ಲಿ ಅದು ದಟ್ಟವಾಗಿ ಬೆಳೆಯುತ್ತಿತ್ತು. ಈಜಿಪ್ಟಿನವರು ಅದರಿಂದ ಹಗ್ಗ, ಚಾಪೆ, ಬುಟ್ಟಿ, ಚಪ್ಪಲಿ, ಸಣ್ಣ ದೋಣಿಗಳನ್ನೂ ಮಾಡಿಕೊಳ್ಳುತ್ತಿದ್ದರು.

ಆ ಗಿಡದಿಂದ ಮಾಡಿದ ಬರೆಯುವ ಹಾಳೆಗೂ ಪಪೈರಸ್ ಎಂದೇ ಹೆಸರು, ಆ ಹಾಳೆಯ ಮೇಲೆ ಬರೆದ ದಾಖಲೆಗೂ ಅದೇ ಹೆಸರು. 'ಓಲೆ' ಎಂದರೆ ನಮ್ಮಲ್ಲಿ ಗರಿಯೂ ಹೌದು, ಪತ್ರವೂ ಹೌದಲ್ಲವೇ, ಹಾಗೆ. ಇಂಗ್ಲಿಷಿನ 'ಪೇಪರ್' ಎಂಬ ಮಾತು ಹುಟ್ಟಿದ್ದೂ ಇದರಿಂದಲೇ. ಆದರೆ ಪಪೈರಸ್ ಕಾಗದವಲ್ಲ. ಕಾಗದ ಮಾಡಲು ನಾರನ್ನು ಕುಟ್ಟಿ ನೀರಿನಲ್ಲಿ ಕಲಸಿ ಗಂಜಿ ಮಾಡಬೇಕು. ಪಪೈರಸ್ಸಿನಲ್ಲಿ ನಾರು ಎಲ್ಲಿತ್ತೋ ಅಲ್ಲೇ ಇರುತ್ತದೆ, ಪಟ್ಟಿಗಳನ್ನು ಜೋಡಿಸಿ ಒತ್ತುತ್ತಾರೆ ಅಷ್ಟೆ.

## ಹಾಳೆ ಮಾಡುವ ಬಗೆ

ಹಸಿ ಕಾಂಡವನ್ನು ಬೇಕಾದ ಉದ್ದಕ್ಕೆ, ಸಾಮಾನ್ಯವಾಗಿ 20ರಿಂದ 40 ಸೆಂಟಿಮೀಟರಿಗೆ, ತುಂಡರಿಸುತ್ತಾರೆ. ಹಸಿರು ಸಿಪ್ಪೆ ಸುಲಿದರೆ ಒಳಗೆ ಬಾಳೆದಿಂಡಿನ ಹಾಗೆ ಬಿಳಿ ತಿರುಳು. ಅದನ್ನು ಹರಿತವಾದ ಅಲಗಿನಿಂದ ಉದ್ದುದ್ದಕ್ಕೆ ತೆಳ್ಳಗೆ ಸೀಳಿ ಪಟ್ಟಿ ಮಾಡುತ್ತಾರೆ. ಒಂದು ಸಮತಟ್ಟು ಹಲಗೆಯ ಮೇಲೆ ಪಟ್ಟಿಗಳನ್ನು ಒಂದರ ಅಂಚು ಇನ್ನೊಂದರ ಅಂಚಿಗೆ ತಾಗುವಂತೆ ನಿಲುವಾಗಿ ಹಾಸಿ, ಅದರ ಮೇಲೆ ಎರಡನೇ ಪದರವನ್ನು ಅಡ್ಡಲಾಗಿ ಹಾಸಬೇಕು. ಬಳಿಕ ಕೊಡತಿಯಿಂದ ಬಡಿದು ಅಥವಾ ಭಾರ ಹೇರಿ ಒತ್ತಬೇಕು. ಬೇರೆ ಅಂಟು ಬೇಕಿಲ್ಲ. ತಿರುಳಿನ ರಸವೇ ಎರಡು ಪದರಗಳನ್ನೂ ಹಿಡಿದುಕೊಳ್ಳುತ್ತದೆ. ಒಣಗಿದ ಮೇಲೆ ನುಣುಪು ಕಲ್ಲಿನಿಂದಲೋ ಚಿಪ್ಪಿನಿಂದಲೋ ಉಜ್ಜಿದರೆ ಬರೆಯಲು ಹಾಳೆ ಸಿದ್ಧ.

ಕೇಳಲು ಸುಲಭ, ಆದರೆ ಕೆಡುವ ದಾರಿಗಳು ಹಲವು. ಕಡಿದ ಕಾಂಡವನ್ನು ದಿನಗಟ್ಟಲೆ ಬಿಟ್ಟರೆ ತಿರುಳು ಒಣಗಿ ಪದರಗಳು ಕೂಡಿಕೊಳ್ಳುವುದಿಲ್ಲ. ಪಟ್ಟಿ ದಪ್ಪವಾದರೆ ಹಾಳೆ ಉಬ್ಬುತಗ್ಗಾಗಿ ಲೇಖನಿ ಎಡವುತ್ತದೆ. ಪಟ್ಟಿಗಳ ನಡುವೆ ಸಂದು ಉಳಿದರೆ ಅಲ್ಲೇ ತೂತು. ಒತ್ತಿದ್ದು ಸಾಲದಿದ್ದರೆ ಸುರುಳಿ ಸುತ್ತುವಾಗ ಪದರ ಬಿಟ್ಟುಕೊಳ್ಳುತ್ತದೆ, ಒಣಗಿದ್ದು ಸಾಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಒಂದೊಂದೇ ಹಾಳೆ ಮಾರುತ್ತಿರಲಿಲ್ಲ. ಸುಮಾರು 20 ಹಾಳೆಗಳನ್ನು ಅಂಚಿಗೆ ಅಂಚು ಅಂಟಿಸಿ ಸುರುಳಿ ಮಾಡುತ್ತಿದ್ದರು, ಉದ್ದ ಬೇಕಾದರೆ ಸುರುಳಿಗೆ ಸುರುಳಿ ಸೇರಿಸುತ್ತಿದ್ದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಹ್ಯಾರಿಸ್ ಪಪೈರಸ್ ಸುಮಾರು 42 ಮೀಟರ್ ಉದ್ದವಿದೆ. ಅಡ್ಡನಾರಿನ ಮುಖ ಸುರುಳಿಯ ಒಳಗೆ ಬರುವಂತೆ ಸುತ್ತುತ್ತಿದ್ದರು. ಮೊದಲು ಬರೆಯುತ್ತಿದ್ದುದು ಆ ಒಳಮುಖದ ಮೇಲೆ. ಹೊರಮುಖ ಸಾಮಾನ್ಯವಾಗಿ ಖಾಲಿ ಇರುತ್ತಿತ್ತು. ಮುಂದೆ ಯಾವಾಗಲಾದರೂ ಬೇರೆ ಯಾರಾದರೂ ಲೆಕ್ಕ ಬರೆದುಕೊಳ್ಳಲು ಅದು ಒದಗುತ್ತಿತ್ತು.

ಬೆಲೆ ಎಷ್ಟು? ರಾಮ್ಸೆಸ್ ಅರಸರ ಕಾಲದಲ್ಲಿ, ಅಂದರೆ ಕ್ರಿ.ಪೂ. 1200ರ ಆಸುಪಾಸಿನಲ್ಲಿ, ಒಂದು ಖಾಲಿ ಸುರುಳಿಗೆ ಸುಮಾರು ಎರಡು ದೆಬೆನ್ (ಅಂದಿನ ಒಂದು ತೂಕ) ತಾಮ್ರ. ಅಷ್ಟು ಕೊಟ್ಟರೆ ಒಂದು 'ಖರ್', ಅಂದರೆ ಸುಮಾರು 77 ಲೀಟರ್ ಧಾನ್ಯ ಬರುತ್ತಿತ್ತು. ಆದ್ದರಿಂದ ಚಿಲ್ಲರೆ ಬರಹಕ್ಕೆಲ್ಲ ಪಪೈರಸ್ ಮುಟ್ಟುತ್ತಿರಲಿಲ್ಲ. ಒಡೆದ ಮಡಕೆಯ ಚೂರು, ಸುಣ್ಣಕಲ್ಲಿನ ಚಕ್ಕೆ ಸಾಕಾಗುತ್ತಿತ್ತು. ಹಳೆಯ ಬರಹ ಒರೆಸಿ ಅದರ ಮೇಲೆಯೇ ಮತ್ತೆ ಬರೆಯುವುದೂ ಇತ್ತು.

## ಲೇಖನಿ, ಶಾಯಿ, ಲಿಪಿ

ಕಪ್ಪು ಶಾಯಿಗೆ ಮಸಿ, ಕೆಂಪಿಗೆ ಜಾಜು, ಎರಡಕ್ಕೂ ಜಾಲಿ ಜಾತಿಯ ಮರದ ಗೋಂದು. ಜೊಂಡಿನಂಥ ಸಣ್ಣ ಕಡ್ಡಿಯ ತುದಿ ಜಗಿದು ಕುಂಚದ ಹಾಗೆ ಮಾಡಿಕೊಂಡು ಬರೆಯುತ್ತಿದ್ದರು. ನಮ್ಮ ತಾಳೆಗರಿಯಲ್ಲಿ ಕಂಠದಿಂದ ಅಕ್ಷರ ಕೊರೆದು ಮಸಿ ತುಂಬುತ್ತಾರೆ, ಇಲ್ಲಿ ಮೇಲ್ಮೈಗೆ ಬಳಿಯುವುದಷ್ಟೆ. ಶೀರ್ಷಿಕೆ, ಒಟ್ಟು ಮೊತ್ತ, ಕೆಟ್ಟ ದಿನ ಇಂಥವು ಕೆಂಪಿನಲ್ಲಿ ಬರುತ್ತಿದ್ದವು.

ಗೋಡೆಗಳ ಮೇಲೆ ನಾವು ಕಾಣುವ ಹಕ್ಕಿ, ಕಣ್ಣು, ಹಾವುಗಳ ಚಿತ್ರಲಿಪಿಯಲ್ಲಿ ದಿನದ ಲೆಕ್ಕ ಬರೆಯಲು ಆಗುತ್ತದೆಯೇ? ಅದಕ್ಕಾಗಿ ಬಲದಿಂದ ಎಡಕ್ಕೆ ಓಡುವ ಕೂಡುಬರಹವೊಂದು ಇತ್ತು. ಅದರ ಹೆಸರು ಹೈರಾಟಿಕ್. ಅದು ಇನ್ನೂ ಸವೆದು ಕ್ರಿ.ಪೂ. 7ನೇ ಶತಮಾನದಲ್ಲಿ ಡೆಮಾಟಿಕ್ ಆಯಿತು. ಅಲೆಕ್ಸಾಂಡರನ ನಂತರ ಗ್ರೀಕ್ ಬಂತು.

## ಎಲ್ಲಿ ಉಳಿಯಿತು, ಎಲ್ಲಿ ಕೊಳೆಯಿತು

ಇದು ಈ ವಿಷಯದ ಕೀಲಿ. ಇದನ್ನು ಬಿಟ್ಟು ಓದಿದರೆ ಈಜಿಪ್ಟ್ ತಪ್ಪಾಗಿ ಕಾಣುತ್ತದೆ.

ಪಪೈರಸ್ಸಿನ ಶತ್ರು ತೇವ, ಅದರ ಹಿಂದೆಯೇ ಗೆದ್ದಲು. ಒಣ ಮರಳಿನಲ್ಲಿ ಹೂತರೆ ಸಾವಿರಾರು ವರ್ಷ ಇರುತ್ತದೆ, ಹಸಿ ಮಣ್ಣಿನಲ್ಲಿ ಕೆಲವೇ ವರ್ಷಗಳಲ್ಲಿ ಕರಗುತ್ತದೆ. ಈಜಿಪ್ಟಿನ ಜನ ಬದುಕಿದ್ದು ಹಸಿ ಮಣ್ಣಿನ ಮೇಲೆ, ನದಿಯ ಪಕ್ಕ, ಪ್ರತಿ ವರ್ಷ ನೆರೆ ಬರುವ ಬಯಲಿನಲ್ಲಿ. ಹೂತದ್ದು ಮಾತ್ರ ಮರಳುಗಾಡಿನ ಅಂಚಿನಲ್ಲಿ. ಹಾಗಾಗಿ ದೊಡ್ಡ ಪಟ್ಟಣಗಳ ಕಚೇರಿ ಕಡತಗಳು, ಅಲೆಕ್ಸಾಂಡ್ರಿಯಾದ ಹೆಸರಾಂತ ಗ್ರಂಥಾಲಯದ ಸುರುಳಿಗಳು ಹೋದವು. ಸಮಾಧಿಯ ಮಂತ್ರಗಳು ಉಳಿದವು. 'ಈಜಿಪ್ಟಿನವರಿಗೆ ಸಾವಿನದೇ ಗೀಳು' ಎಂಬ ಮಾತಿಗೆ ಇದು ದೊಡ್ಡ ಕಾರಣ. ಗೀಳು ಅವರದಲ್ಲ, ಮರಳು ಉಳಿಸಿಕೊಟ್ಟದ್ದೇ ಹಾಗೆ.

ಸಿಕ್ಕವುಗಳಲ್ಲಿ ಅತಿ ಹಳೆಯ ಸುರುಳಿಯಲ್ಲಿ ಒಂದಕ್ಷರವೂ ಇಲ್ಲ. ಸಕ್ಕಾರ ಎಂಬಲ್ಲಿ ಹೆಮಕ ಎಂಬ ಅಧಿಕಾರಿಯ ಸಮಾಧಿಯಲ್ಲಿ ದೊರೆತ ಅದು ಸುಮಾರು 5000 ವರ್ಷ ಹಳೆಯದು. ಬರಹವಿರುವ ಅತಿ ಹಳೆಯವು 2013ರಲ್ಲಿ ಕೆಂಪು ಸಮುದ್ರದ ದಡದ ವಾಡಿ ಅಲ್-ಜರ್ಫ್ ಎಂಬಲ್ಲಿ ಫ್ರಾನ್ಸಿನ ಪಿಯೆರ್ ತಾಲೆ ತಂಡಕ್ಕೆ ಸಿಕ್ಕವು. ಮಹಾ ಪಿರಮಿಡ್ ಕಟ್ಟಿಸಿದ ಖುಫುವಿನ ಆಳ್ವಿಕೆಯ ಕೊನೆಯ ವರ್ಷಗಳವು. ಅವುಗಳಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿ ಇದೆ. ಸುಮಾರು 40 ಜನರ ತಂಡ ಕಟ್ಟಿಕೊಂಡು ತುರಾ ಗಣಿಯಿಂದ ಸುಣ್ಣಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ಸಾಗಿಸುವುದು ಅವನ ಕೆಲಸ. ಇಂದು ಎಲ್ಲಿ ಹೊರಟೆವು, ರಾತ್ರಿ ಎಲ್ಲಿ ತಂಗಿದೆವು ಎಂದು ದಿನಕ್ಕೊಂದು ಪಟ್ಟಿ ಗೆರೆ ಹಾಕಿ ಬರೆದಿಟ್ಟಿದ್ದಾನೆ. ಲಾರಿ ಚಾಲಕರ ಟ್ರಿಪ್ ಶೀಟ್ ನೋಡಿದವರಿಗೆ ಇದರ ಗುರುತು ಕೂಡಲೇ ಹತ್ತುತ್ತದೆ. ಪಿರಮಿಡ್ ಕಟ್ಟಿದ್ದು ಯಾರು ಎಂಬ ಗಾಳಿಮಾತುಗಳಿಗೆಲ್ಲ ಈ ಹಾಳೆ ಒಳ್ಳೆಯ ಉತ್ತರ.

## ಆ ತಕ್ಕಡಿಯಲ್ಲಿ ತೂಗುವುದು ಏನು?

ಅಂಗಡಿಯ ಚಿತ್ರಕ್ಕೆ ಬರೋಣ. ಅದರ ಮೂಲ 'ಸತ್ತವರ ಪುಸ್ತಕ' ಎಂದು ಹೆಸರಾದ ಸುರುಳಿಗಳಲ್ಲಿದೆ. ಆ ಹೆಸರಿಟ್ಟವರು 1842ರಲ್ಲಿ ಜರ್ಮನಿಯ ವಿದ್ವಾಂಸ ಲೆಪ್ಸಿಯಸ್. ಈಜಿಪ್ಟಿನವರೇ ಇಟ್ಟ ಹೆಸರಿನ ಅರ್ಥ 'ಹಗಲಿಗೆ ಹೊರಬರುವ ಮಂತ್ರಗಳು'. ಎರಡು ಹೆಸರಿಗೂ ಎಷ್ಟು ಅಂತರ! ಅದು ಸಾವಿನ ಪುಸ್ತಕವಲ್ಲ, ಸತ್ತ ಮೇಲೆ ಕತ್ತಲ ಲೋಕ ದಾಟಿ ಮತ್ತೆ ಬೆಳಕಿಗೆ ಬರಲು ಕೈಪಿಡಿ. ಅದು ಒಂದೇ ಗ್ರಂಥವೂ ಅಲ್ಲ. ಇನ್ನೂರಕ್ಕೆ ಹತ್ತಿರದಷ್ಟು ಮಂತ್ರಗಳು ಬಳಕೆಯಲ್ಲಿದ್ದವು. ಯಾರಿಗೆ ಯಾವುದು ಬೇಕೋ, ಎಷ್ಟು ದುಡ್ಡಿದೆಯೋ, ಅಷ್ಟನ್ನು ಆರಿಸಿ ಬರೆಸಿಕೊಳ್ಳುತ್ತಿದ್ದರು.

ಸಿದ್ಧಪ್ರತಿಗಳೂ ಸಿಗುತ್ತಿದ್ದವು. ಮೊದಲೇ ಬರೆದಿಟ್ಟು, ಹೆಸರಿನ ಜಾಗ ಖಾಲಿ ಬಿಟ್ಟು, ಕೊಂಡವರ ಹೆಸರು ಆಮೇಲೆ ತುಂಬುವುದು. ಅಚ್ಚಾದ ಲಗ್ನಪತ್ರಿಕೆಯ ಮೇಲೆ ಅತಿಥಿಯ ಹೆಸರು ಕೈಯಲ್ಲಿ ಬರೆಯುತ್ತೇವಲ್ಲ, ಹಾಗೆ. ಎಲ್ಲಕ್ಕಿಂತ ಪ್ರಸಿದ್ಧವಾದ ಅನಿ ಎಂಬ ಲೆಕ್ಕಾಧಿಕಾರಿಯ ಪಪೈರಸ್ಸಿನಲ್ಲೂ ಅನಿಯ ಹೆಸರು ಬೇರೆ ಕೈಬರಹದಲ್ಲಿದೆ. ಕ್ರಿ.ಪೂ. 1250ರ ಹೊತ್ತಿನ ಈ ಸುರುಳಿ ಸುಮಾರು 24 ಮೀಟರ್ ಉದ್ದವಿತ್ತು. 1888ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಇದನ್ನು ಕೊಂಡ ವಾಲಿಸ್ ಬಡ್ಜ್ 37 ತುಂಡು ಮಾಡಿಸಿದರು. ಎಲ್ಲೆಲ್ಲಿ ಚಿತ್ರ ಮುಗಿಯುತ್ತದೆ ಎಂದು ನೋಡದೆ ಅಳತೆ ಹಿಡಿದು ಕತ್ತರಿಸಿದ ಗಾಯ ಇಂದಿಗೂ ಅದರ ಮೇಲಿದೆ.

ತಕ್ಕಡಿಯ ಒಂದು ತಟ್ಟೆಯಲ್ಲಿ ಸತ್ತವನ ಹೃದಯ. ಇನ್ನೊಂದರಲ್ಲಿ ಒಂದು ಗರಿ, ಅದು 'ಮಾತ್' ದೇವತೆಯ ಗುರುತು. ಸತ್ಯ, ನ್ಯಾಯ, ಲೋಕದ ಸರಿಯಾದ ನಡೆ, ಮೂರೂ ಸೇರಿದ್ದು ಮಾತ್. ವೇದದ 'ಋತ'ವನ್ನು ಬಲ್ಲವರಿಗೆ ಇದು ದೂರದ ಮಾತೆನಿಸದು. ನರಿಮುಖದ ಅನುಬಿಸ್ ತಕ್ಕಡಿಯ ಮುಳ್ಳು ನೋಡುತ್ತಾನೆ, ಕೊಕ್ಕರೆಮುಖದ ಥಾತ್ ಫಲಿತಾಂಶ ಬರೆದುಕೊಳ್ಳುತ್ತಾನೆ. ಬಾಯ್ದೆರೆದ ಪ್ರಾಣಿ ಅಮ್ಮಿತ್, ಮೊಸಳೆಯ ತಲೆ, ಸಿಂಹದ ಮುಂಭಾಗ, ನೀರಾನೆಯ ಹಿಂಭಾಗ. ಹೃದಯ ಗರಿಗಿಂತ ಭಾರವಾದರೆ ಅಮ್ಮಿತ್ ಅದನ್ನು ನುಂಗುತ್ತಾಳೆ. ಅಲ್ಲಿಗೆ ಆ ಮನುಷ್ಯ ಮುಗಿದ. ನರಕವಿಲ್ಲ, ಮರುಜನ್ಮವೂ ಇಲ್ಲ, ಇಲ್ಲವಾಗುವುದೇ ಶಿಕ್ಷೆ.

ತೂಗುವಾಗ ಸತ್ತವನು 42 ನ್ಯಾಯದೇವತೆಗಳ ಎದುರು 'ನಾನು ಇಂಥದ್ದು ಮಾಡಿಲ್ಲ' ಎಂದು ಒಂದೊಂದಾಗಿ ಹೇಳಬೇಕು. ಕೊಂದಿಲ್ಲ, ಕದ್ದಿಲ್ಲ ಎಂಬವು ಎಲ್ಲ ನಾಡಿನಲ್ಲೂ ಇವೆ. 125ನೇ ಮಂತ್ರ ಎನ್ನುವ ಈ ಭಾಗದಲ್ಲಿ ಬೇರೆಯವೂ ಇವೆ: ತಕ್ಕಡಿಯ ಬೊಟ್ಟಿಗೆ ಭಾರ ಸೇರಿಸಿಲ್ಲ, ಮಗುವಿನ ಬಾಯಿಂದ ಹಾಲು ಕಸಿದಿಲ್ಲ, ಹರಿಯುವ ನೀರಿಗೆ ಅಡ್ಡ ಕಟ್ಟಿಲ್ಲ, ಹೊಲದ ಅಳತೆಯಲ್ಲಿ ಮೋಸ ಮಾಡಿಲ್ಲ. ಓದುತ್ತ ಹೋದರೆ ನದಿಯೊಂದನ್ನೇ ನಂಬಿ ಬೆಳೆ ತೆಗೆಯುವ ಊರಿನ ಜಗಳಗಳೆಲ್ಲ ಕಣ್ಣಮುಂದೆ ಬರುತ್ತವೆ. ಒಂದು ಸಮಾಜ ಯಾವುದನ್ನು ಪಾಪ ಎಂದಿತೋ, ಅದು ಅಲ್ಲಿ ನಡೆಯುತ್ತಿತ್ತು ಎಂದೇ ಅರ್ಥ.

ಇನ್ನೊಂದು ಮಂತ್ರ ಇದಕ್ಕಿಂತ ಮನಸ್ಸಿಗೆ ಹತ್ತಿರ. ಅದರಲ್ಲಿ ಸತ್ತವನು ತನ್ನ ಹೃದಯವನ್ನೇ ಬೇಡಿಕೊಳ್ಳುತ್ತಾನೆ: ನನ್ನ ತಾಯಿ ಕೊಟ್ಟ ಹೃದಯವೇ, ನನ್ನ ವಿರುದ್ಧ ಸಾಕ್ಷಿ ಹೇಳಬೇಡ. ಹೃದಯಕ್ಕೆ ಎಲ್ಲವೂ ಗೊತ್ತು, ಅದು ಸುಳ್ಳು ಹೇಳದು ಎಂಬ ಭಯ ಅದರ ಹಿಂದಿದೆ. ನೀತಿಯಲ್ಲಿ ನಂಬಿಕೆಯೂ ಇತ್ತು, ಅದರಿಂದ ಪಾರಾಗಲು ಮಂತ್ರವೂ ಇತ್ತು. ಪರಲೋಕದ ಹೊಲದಲ್ಲೂ ಉಳುಮೆ ತಪ್ಪದೆಂದು, ತಮ್ಮ ಬದಲು ದುಡಿಯಲು 'ಶಬ್ತಿ' ಎಂಬ ಪುಟ್ಟ ಗೊಂಬೆಗಳನ್ನು ಸಮಾಧಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಕರೆದಾಗ ಗೊಂಬೆ 'ಇಗೋ ಬಂದೆ' ಎನ್ನಬೇಕು ಎಂಬುದಕ್ಕೂ ಮಂತ್ರ ಇದೆ.

## ಒಂದು ಊರಿನ ಮುಷ್ಕರ, ಒಬ್ಬ ತಾಯಿಯ ಉಯಿಲು

ಸಮಾಧಿಯಿಂದಾಚೆಗೆ ಬದುಕನ್ನು ತೋರಿಸುವ ಊರು ದೇರ್ ಅಲ್-ಮದೀನಾ. ಅರಸರ ಕಣಿವೆಯಲ್ಲಿ ಸಮಾಧಿ ಕೊರೆಯುವ ಕುಶಲಕರ್ಮಿಗಳ ಊರು. ಅದು ನದಿಯಿಂದ ದೂರ, ಒಣ ಬೆಟ್ಟದ ಮಡಿಲಲ್ಲಿದ್ದ ಕಾರಣಕ್ಕೇ ಅದರ ಕಾಗದಪತ್ರ ಉಳಿಯಿತು. ಅಲ್ಲಿನ ಕೆಲಸಗಾರರಿಗೆ ಸಂಬಳ ದವಸದಲ್ಲಿ. ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ ನಾಲ್ಕು ಖರ್ ಗೋಧಿ, ಅಂದರೆ ಸುಮಾರು 300 ಲೀಟರ್, ಮತ್ತೆ ಒಂದೂವರೆ ಖರ್ ಬಾರ್ಲಿ. ಗೋಧಿ ಎಂದರೆ ಬೆಳಗಾವಿ ಕಡೆ ಖಪ್ಲಿ ಎನ್ನುವ, ಹೊಟ್ಟು ಬಿಡದ ಜಾತಿ. ಅದು ರೊಟ್ಟಿಗೆ, ಬಾರ್ಲಿ ಬಿಯರಿಗೆ.

ಮೂರನೇ ರಾಮ್ಸೆಸನ 29ನೇ ವರ್ಷ, ಕ್ರಿ.ಪೂ. 1157ರ ಸುಮಾರು, ಸಂಬಳ ಬರಲಿಲ್ಲ. ಇಟಲಿಯ ಟುರಿನ್ ಮ್ಯೂಸಿಯಂನಲ್ಲಿರುವ ಪಪೈರಸ್ ಮುಂದಿನದನ್ನು ದಿನಾಂಕ ಹಾಕಿ ಹೇಳುತ್ತದೆ. ಕೆಲಸಗಾರರು ಕಾವಲು ಠಾಣೆಗಳನ್ನು ದಾಟಿ ಬಂದು ಮೂರನೇ ತುತ್ಮೋಸನ ದೇವಾಲಯದ ಹಿಂದೆ ಕೂತರು. ಹಸಿವು ಬಾಯಾರಿಕೆ ನಮ್ಮನ್ನು ಇಲ್ಲಿಗೆ ತಂದಿದೆ, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ಸೊಪ್ಪು ತರಕಾರಿಯಿಲ್ಲ, ಅರಸನಿಗೆ ಹೇಳಿಕಳಿಸಿ ಎಂದರು. ಬಾಕಿ ಬಂತು, ಮತ್ತೆ ನಿಂತಿತು, ಮತ್ತೆ ಕೂತರು. ಬರವಣಿಗೆಯಲ್ಲಿ ಉಳಿದಿರುವ ಮುಷ್ಕರಗಳಲ್ಲಿ ಇದು ಅತ್ಯಂತ ಹಳೆಯದು. ದೇವರೆಂದು ಪೂಜೆಗೊಳ್ಳುವ ಅರಸನ ಸಮಾಧಿ ಕೊರೆಯುವವರು ಅವನೆದುರೇ ಕೆಲಸ ನಿಲ್ಲಿಸಬಹುದಿತ್ತು ಎಂಬುದನ್ನು ಯಾವ ದೇವಾಲಯದ ಗೋಡೆಯೂ ನಮಗೆ ಹೇಳುತ್ತಿರಲಿಲ್ಲ.

ಅದೇ ಊರಿನ ನೌನಖ್ತೆ ಎಂಬ ಮುದುಕಿ ಐದನೇ ರಾಮ್ಸೆಸನ ಕಾಲದಲ್ಲಿ ಪಂಚಾಯಿತಿಯ ಮುಂದೆ ಬಂದು ಉಯಿಲು ಬರೆಸಿದಳು. ಎಂಟು ಮಕ್ಕಳನ್ನು ಸಾಕಿದೆ, ಸಂಸಾರಕ್ಕೆ ಬೇಕಾದ್ದೆಲ್ಲ ಕೊಟ್ಟೆ, ಈಗ ಮುದುಕಿಯಾದೆ, ಅವರಲ್ಲಿ ಕೆಲವರು ನನ್ನನ್ನು ನೋಡಿಕೊಳ್ಳುತ್ತಿಲ್ಲ. ಕೈ ಹಿಡಿದವರಿಗೆ ನನ್ನ ಆಸ್ತಿ, ಹಿಡಿಯದವರಿಗಿಲ್ಲ. ಹೀಗೆ ಹೇಳಿ, ಚೆನ್ನಾಗಿ ನೋಡಿಕೊಂಡ ಮಗನಿಗೆ ಒಂದು ಕಂಚಿನ ಬೋಗುಣಿ ಹೆಚ್ಚಿಗೆ ಕೊಟ್ಟಳು. ಹೊರಗಿಟ್ಟ ಮಕ್ಕಳಿಗೆ ತಂದೆಯ ಪಾಲಿನಲ್ಲಿ ಹಕ್ಕು ಹಾಗೆಯೇ ಇತ್ತು. ತಾಯಿ ತನ್ನ ಭಾಗವನ್ನು ಮಾತ್ರ ತಡೆಯಬಲ್ಲಳು. ಹೆಂಗಸಿಗೆ ಸ್ವಂತ ಆಸ್ತಿ ಇತ್ತು, ಅದನ್ನು ಯಾರಿಗೆ ಕೊಡಬೇಕೆಂದು ಅವಳೇ ತೀರ್ಮಾನಿಸುತ್ತಿದ್ದಳು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

## ಲೆಕ್ಕ ಮತ್ತು ಮದ್ದು

ಕ್ರಿ.ಪೂ. 1550ರ ಸುಮಾರಿಗೆ ಅಹ್ಮೋಸೆ ಎಂಬ ಬರಹಗಾರ ಪ್ರತಿ ಮಾಡಿದ ರಿಂಡ್ ಪಪೈರಸ್ಸಿನಲ್ಲಿ 84 ಲೆಕ್ಕಗಳಿವೆ. ಒಂದು ಹೀಗಿದೆ: ಒಂಬತ್ತು ರೊಟ್ಟಿಯನ್ನು ಹತ್ತು ಜನಕ್ಕೆ ಹಂಚಬೇಕು. ಒಂಬತ್ತು ಜನಕ್ಕೆ ರೊಟ್ಟಿಯ ಹತ್ತನೇ ಒಂಬತ್ತು ಭಾಗ ಕೊಟ್ಟು, ಹತ್ತನೆಯವನಿಗೆ ಒಂಬತ್ತು ಸಣ್ಣ ತುಂಡು ಕೊಟ್ಟರೆ ಲೆಕ್ಕ ಸರಿ, ಆದರೆ ಜಗಳ ಖಂಡಿತ. ಅಹ್ಮೋಸೆಯ ಉತ್ತರದಲ್ಲಿ ಪ್ರತಿಯೊಬ್ಬನಿಗೂ ಮೂರನೇ ಎರಡು, ಐದನೇ ಒಂದು, ಮೂವತ್ತನೇ ಒಂದು ಭಾಗ. ಕೂಡಿಸಿದರೆ ಅದೂ ಹತ್ತನೇ ಒಂಬತ್ತೇ. ಇನ್ನೊಂದು ಲೆಕ್ಕದಲ್ಲಿ 9 ಅಳತೆ ಅಡ್ಡಗಲದ ದುಂಡು ಹೊಲ. ಅದರ ಒಂಬತ್ತನೇ ಒಂದು ಕಳೆ, ಉಳಿದ 8ನ್ನು 8ರಿಂದ ಗುಣಿಸು, 64. ಇಂದಿನ ಸೂತ್ರದಲ್ಲಿ ಬರುವುದು 63.6.

ಎಡ್ವಿನ್ ಸ್ಮಿತ್ ಪಪೈರಸ್ಸಿನಲ್ಲಿ ಗಾಯ, ಮೂಳೆಮುರಿತದ 48 ಪ್ರಕರಣಗಳಿವೆ. ಅವು ತಲೆಯಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತವೆ. ಪ್ರತಿಯೊಂದರಲ್ಲೂ ಪರೀಕ್ಷೆ, ಆಮೇಲೆ ತೀರ್ಪು. ತೀರ್ಪು ಮೂರೇ ಬಗೆ: ಗುಣ ಮಾಡುತ್ತೇನೆ, ಸೆಣಸಿ ನೋಡುತ್ತೇನೆ, ಚಿಕಿತ್ಸೆ ಇಲ್ಲ. ಗಾಯಕ್ಕೆ ಮೊದಲ ದಿನ ಹಸಿ ಮಾಂಸದ ಕಟ್ಟು, ನಂತರ ಜೇನು, ಕೊಬ್ಬು, ನಾರು. ಇಷ್ಟು ಶಿಸ್ತಿನ ವೈದ್ಯಕೀಯದ ಹಾಳೆಯನ್ನು ತಿರುಗಿಸಿದರೆ ಹಿಂಬದಿಯಲ್ಲಿ ಪಿಡುಗು ಓಡಿಸುವ ಮಂತ್ರಗಳು. ಕಣ್ಣಿಗೆ ಕಾಣುವ ಗಾಯಕ್ಕೆ ಕಟ್ಟು, ಕಾಣದ ರೋಗಕ್ಕೆ ಮಂತ್ರ. ಅವರಿಗೆ ಅವೆರಡೂ ಒಂದೇ ಪೆಟ್ಟಿಗೆಯ ಸಾಮಾನು.

## ಕಸದ ರಾಶಿಯಲ್ಲಿ ಕನ್ನಡ?

ಕೈರೋದ ದಕ್ಷಿಣಕ್ಕಿರುವ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬಿಬ್ಬರು 1896ರಿಂದ ಅಗೆದರು. ಲಕ್ಷಗಟ್ಟಲೆ ಚೂರುಗಳು ಬಂದವು, ಹೆಚ್ಚಿನವು ಗ್ರೀಕ್. ಅವುಗಳಲ್ಲಿ 413ನೇ ಸಂಖ್ಯೆಯದು ಕ್ರಿ.ಶ. 2ನೇ ಶತಮಾನದ ಒಂದು ಪ್ರಹಸನ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಖಾರಿಟಿಯನ್ ಎಂಬ ಗ್ರೀಕ್ ಹುಡುಗಿಯನ್ನು, ಅಲ್ಲಿನ ಅರಸನಿಗೆ ಕುಡಿಸಿ ಮತ್ತೇರಿಸಿ, ಅವಳ ಕಡೆಯವರು ಬಿಡಿಸಿಕೊಂಡು ಹೋಗುತ್ತಾರೆ. ಅರಸನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ, ಗ್ರೀಕ್ ಅಕ್ಷರದಲ್ಲಿ ಬರೆದ ಬೇರೆ ನುಡಿ. ಅದು ಕನ್ನಡ ಎಂದು 1904ರಲ್ಲಿ ಜರ್ಮನಿಯ ಹುಲ್ಶ್ ಹೇಳಿದರು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅದನ್ನು ಒಪ್ಪಿ ಮುಂದುವರಿಸಿದರು, ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ತುಳು ಎಂಬ ವಾದ ಬಂತು, ನಗಿಸಲು ಕಟ್ಟಿದ ಬರಿಯ ಸದ್ದು ಎಂಬ ವಾದವೂ ಇದೆ. 'ಕನ್ನಡದ ಅತಿ ಹಳೆಯ ದಾಖಲೆ' ಎಂದು ಹಂಚುವ ಸಂದೇಶಗಳು ಬಂದಾಗ ಈ ತಕರಾರನ್ನೂ ಜೊತೆಗೇ ಹೇಳಬೇಕು.

ಭಾರತದ ಜೊತೆ ತಕರಾರಿಲ್ಲದ ನಂಟು ತೋರಿಸುವುದು ವಿಯೆನ್ನಾದಲ್ಲಿರುವ ಇನ್ನೊಂದು 2ನೇ ಶತಮಾನದ ಪಪೈರಸ್. ಅದು ಕೇರಳದ ಮುಜಿರಿಸ್ ಬಂದರಿನ ವ್ಯಾಪಾರಕ್ಕೆ ಸಂಬಂಧಿಸಿದ ಸಾಲಪತ್ರ. ಅದರ ಹಿಂಬದಿಯಲ್ಲಿ ಹರ್ಮಪೊಲ್ಲೋನ್ ಎಂಬ ಹಡಗಿನ ಸರಕಿನ ಲೆಕ್ಕ, ಅದರಲ್ಲಿ ಆನೆದಂತವೂ ಜಟಾಮಾಂಸಿ ಜಾತಿಯ ಸುಗಂಧವೂ ಇವೆ.

## ಹಳೆಯ ಹಾಳೆಯನ್ನು ಬಿಡಿಸುವುದು

ಸಾವಿರಾರು ವರ್ಷ ಸುತ್ತಿಕೊಂಡ ಸುರುಳಿಯನ್ನು ಹಾಗೆಯೇ ಬಿಚ್ಚಿದರೆ ಹಪ್ಪಳದಂತೆ ಮುರಿಯುತ್ತದೆ. ಮೊದಲು ಒದ್ದೆ ತಾಗದಂತೆ ತೇವದ ಹವೆ ಕೊಟ್ಟು ನಾರು ಮೆತ್ತಗಾಗಲು ಕಾಯುತ್ತಾರೆ. ನಂತರ ಬೆರಳಗಲದಷ್ಟು ಬಿಡಿಸಿ, ಒತ್ತುಕಾಗದದ ನಡುವೆ ಹಗುರ ಭಾರವಿಟ್ಟು ಒಣಗಿಸಿ, ಮುಂದಿನ ಬೆರಳಗಲಕ್ಕೆ ಹೋಗುತ್ತಾರೆ. ಬಿರುಕಿಗೆ ತೆಳು ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಗಂಜಿಯಿಂದ ಅಂಟಿಸುತ್ತಾರೆ. ಬೇಕಾದಾಗ ತೆಗೆಯಲು ಬರುವ ಅಂಟು ಅದು. 19ನೇ ಶತಮಾನದಲ್ಲಿ ದಪ್ಪ ರಟ್ಟಿಗೆ ಗಟ್ಟಿ ಅಂಟು ಹಾಕಿ ಅಂಟಿಸಿದವು ಇಂದು ರಟ್ಟಿನ ಜೊತೆಗೇ ಸೆಟೆದು ಹರಿಯುತ್ತಿವೆ. ಕೊನೆಗೆ ಎರಡು ಗಾಜಿನ ನಡುವೆ ಇಡುತ್ತಾರೆ. ವರ್ಷಗಳ ಮೇಲೆ ಗಾಜಿನ ಒಳಮುಖಕ್ಕೆ ಹಾಳೆಯ ಆಕಾರದಲ್ಲೇ ಬಿಳಿ ಮಂಜು ಕಟ್ಟುವುದುಂಟು. ಅದು ಪಪೈರಸ್ಸಿನಿಂದ ಹೊರಬಂದ ಉಪ್ಪು.

## ಅಂಗಡಿಯಲ್ಲಿ ಕೊಳ್ಳುವಾಗ

ಕಾಗದ ಬಂದ ಮೇಲೆ, 11ನೇ ಶತಮಾನದ ಹೊತ್ತಿಗೆ, ಪಪೈರಸ್ ಮಾಡುವುದು ನಿಂತಿತು. ಗಿಡವೂ ಈಜಿಪ್ಟಿನಲ್ಲಿ ಹೆಚ್ಚುಕಡಿಮೆ ಅಳಿಯಿತು. 1960ರ ದಶಕದಲ್ಲಿ ಹಸನ್ ರಗಾಬ್ ಎಂಬ ಈಜಿಪ್ಟಿನ ನಿವೃತ್ತ ರಾಯಭಾರಿ ಹೊರಗಿನಿಂದ ಗಿಡ ತರಿಸಿ ಬೆಳೆಸಿ, ಹಾಳೆ ಮಾಡುವ ವಿದ್ಯೆಯನ್ನು ಮತ್ತೆ ಕಟ್ಟಿದರು. ಇಂದಿನ ಅಂಗಡಿಗಳೆಲ್ಲ ಅದರ ಮುಂದುವರಿಕೆ.

ಬಾಳೆ ಎಲೆ, ಕಬ್ಬಿನ ಗರಿ ಒತ್ತಿ ಮಾಡಿದ ನಕಲಿಗಳೂ ಅಲ್ಲಿವೆ. ಹಾಳೆಯನ್ನು ಬೆಳಕಿಗೆ ಹಿಡಿಯಿರಿ: ಅಸಲಿಯಾದರೆ ಅಡ್ಡ ಮತ್ತು ನಿಲುವು ನಾರು ಎರಡೂ ದಾಟಿಹೋಗುವ ಜಾಲರಿ ಕಾಣುತ್ತದೆ, ಯಾವ ಎರಡು ಪಟ್ಟಿಯೂ ಒಂದೇ ಬಣ್ಣವಿರುವುದಿಲ್ಲ. ಮೆಲ್ಲಗೆ ಸುತ್ತಿ ಬಿಟ್ಟರೆ ಅಸಲಿ ಬಾಗಿ ಮತ್ತೆ ಬಿಚ್ಚಿಕೊಳ್ಳುತ್ತದೆ, ಎಲೆಯದು ಚಟಚಟ ಬಿರಿಯುತ್ತದೆ. ಯಾರಾದರೂ 'ಇದು ನಿಜವಾದ ಪುರಾತನ ಹಾಳೆ' ಎಂದು ಪಿಸುಗುಟ್ಟಿದರೆ ಅಲ್ಲಿಂದ ಹೊರಡಿ. ಈಜಿಪ್ಟಿನಲ್ಲಿ 1983ರ ಕಾನೂನಿನ ಪ್ರಕಾರ ಪ್ರಾಚೀನ ವಸ್ತುಗಳನ್ನು ಮಾರುವುದೂ ಹೊರಗೆ ಒಯ್ಯುವುದೂ ಅಪರಾಧ.

ಮನೆಗೆ ತಂದ ಮೇಲೆ ಮಡಚಬೇಡಿ. ಚೌಕಟ್ಟು ಹಾಕಿಸುವಾಗ ಹಾಳೆಗೂ ಗಾಜಿಗೂ ನಡುವೆ ಸ್ವಲ್ಪ ಎಡೆ ಬಿಡಿಸಿ, ಹಿಂದೆ ಗೋಂದು ಬಳಿಯಲು ಬಿಡಬೇಡಿ. ಮಳೆನೀರು ಇಳಿಯುವ ಗೋಡೆಗೆ, ಬಿಸಿಲು ನೇರ ಬೀಳುವ ಜಾಗಕ್ಕೆ ಬೇಡ. ಕರಾವಳಿ, ಮಲೆನಾಡಿನವರು ಮಳೆಗಾಲ ಕಳೆದ ಮೇಲೆ ಒಮ್ಮೆ ಇಳಿಸಿ, ಹಿಂಬದಿಗೆ ಬೂಷ್ಟು ಹಿಡಿದಿದೆಯೇ ನೋಡಿ.